ಮಗನಿಗೆ ಶಭಾಷ್ ಅಂದವರು ಯಾರು?

ಮಂಡ್ಯದ ತಾಯಿಯೊಬ್ಬರ ಪತ್ರ: “ಮಗನಿಗೆ 12 ವರ್ಷ, ಏಳನೇ ಕ್ಲಾಸು. ಹ್ಯಾರಿ ಪಾಟರ್ ಏಳೂ ಪುಸ್ತಕ ಎರಡೆರಡು ಸಲ ಓದಿದ್ದಾನೆ. ಹೋದ ವಾರ ಕ್ಲಾಸಿನ ಹುಡುಗನೊಬ್ಬನ ಕೈಗೆ ಸ್ಟೀಲ್ ಸ್ಕೇಲಿನಿಂದ ಹೊಡೆದ, ಎರಡು ಹೊಲಿಗೆ ಬಿತ್ತು. ಆ ಹುಡುಗ ಒಬ್ಬ ಬಡಕಲು ಹುಡುಗನ ಊಟದ ಡಬ್ಬಿ ದಿನಾ ಕಿತ್ತುಕೊಳ್ಳುತ್ತಿದ್ದನಂತೆ. ‘ಹ್ಯಾರಿನೂ ಕೆಟ್ಟವರಿಗೆ ಹೊಡೀತಾನಲ್ಲಮ್ಮ’ ಅನ್ನುತ್ತಾನೆ. ಪಿಟಿ ಮೇಷ್ಟ್ರು ಬೆನ್ನು ತಟ್ಟಿದರಂತೆ. ನಮ್ಮ ಮಾವ 50 ರೂಪಾಯಿ ಕೊಟ್ಟರು. ಯಜಮಾನರು ಪುಸ್ತಕಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದಿದ್ದಾರೆ. ಗುಜರಿಗೆ ಹಾಕಿಬಿಡಲಾ?”

ಬೇಡಮ್ಮ, ಗುಜರಿಗೆ ಹಾಕಬೇಡಿ. ಬೀಗವನ್ನೂ ತೆಗೆಸಿ. ಹಾಗಂತ ನಿಮ್ಮ ಯಜಮಾನರಿಗೆ ಬಂದ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಆ ಕಥೆಯಲ್ಲಿ ಒಂದು ವಿಷಯ ಇದೆ. ಮಕ್ಕಳು ಮುಂದೇನು ಅನ್ನುವ ಅವಸರದಲ್ಲಿ ಅದನ್ನು ದಾಟಿ ಹೋಗುತ್ತಾರೆ, ನಾವು ದೊಡ್ಡವರು ಓದುವುದೇ ಇಲ್ಲ.

ಹ್ಯಾರಿ ಓದುವ, ಮಂತ್ರವಿದ್ಯೆ ಕಲಿಸುವ ಹಾಗ್ವಾರ್ಟ್ಸ್ ಅನ್ನುವ ಆ ಶಾಲೆಯನ್ನೇ ನೋಡಿ. ಹುಡುಗ 11 ವರ್ಷಕ್ಕೆ ಬಂದು ಸೇರುತ್ತಾನೆ. ಮೊದಲ ವರ್ಷವೇ ಶಿಕ್ಷೆ ಅಂತ ರಾತ್ರಿ ಹೊತ್ತು ಕಾಡಿಗೆ ಕಳಿಸುತ್ತಾರೆ. ವರ್ಷದ ಕೊನೆಗೆ ಅವನು ಸಾಯುವ ಹಾಗಾಗಿ ಹೇಗೋ ಉಳಿದು ಬರುತ್ತಾನೆ, ಆಗ ಹೆಡ್ಮಾಸ್ಟರು ಎಲ್ಲರೂ ಊಟಕ್ಕೆ ಕೂತ ಹಾಲಿನಲ್ಲಿ ಅವನ ಧೈರ್ಯಕ್ಕೆ ಅಂತ 60 ಅಂಕ ಕೊಡುತ್ತಾರೆ. ಒಂದೇ ಚಪ್ಪಾಳೆ. 14 ವರ್ಷಕ್ಕೆ ಒಬ್ಬ ಮೇಷ್ಟ್ರು ಕ್ಲಾಸಿನಲ್ಲೇ ಜೇಡಗಳ ಮೇಲೆ ಹಿಂಸೆಯ ಮಂತ್ರ, ಕೊಲ್ಲುವ ಮಂತ್ರ ಹಾಕಿ ತೋರಿಸುತ್ತಾನೆ. ಜೇಡ ಒದ್ದಾಡುತ್ತಿರುತ್ತದೆ, ನೆವಿಲ್ ಅನ್ನುವ ಹುಡುಗ ಡೆಸ್ಕು ಬಿಗಿಯಾಗಿ ಹಿಡಿದು ಕೂತಿರುತ್ತಾನೆ, ಬೆರಳಿನ ಗೆಣ್ಣೆಲ್ಲ ಬೆಳ್ಳಗಾಗಿರುತ್ತವೆ, ಯಾಕಂದರೆ ಅವನ ಅಪ್ಪ ಅಮ್ಮ ಅದೇ ಮಂತ್ರಕ್ಕೆ ಸಿಕ್ಕಿ ಬುದ್ಧಿ ಕಳೆದುಕೊಂಡವರು. ನಿಲ್ಲಿಸಿ ಅಂತ ಕೂಗುವುದು ಯಾವ ದೊಡ್ಡವರೂ ಅಲ್ಲ, ಜೊತೆಯ ಹುಡುಗಿ ಹರ್ಮಯೊನಿ.

ಈಗ ಆರನೇ ಪುಸ್ತಕಕ್ಕೆ ಬನ್ನಿ. ಹಳೇ ಪಠ್ಯಪುಸ್ತಕವೊಂದರ ಅಂಚಿನಲ್ಲಿ ಯಾರೋ ಒಂದು ಮಂತ್ರ ಗೀಚಿ, ಪಕ್ಕದಲ್ಲಿ ಶತ್ರುಗಳಿಗೆ ಅಂತ ಬರೆದಿರುತ್ತಾರೆ. ಅದು ಏನು ಮಾಡುತ್ತದೆ ಅಂತಲೇ ಗೊತ್ತಿಲ್ಲದೆ ಹ್ಯಾರಿ ಅದನ್ನು ಬಚ್ಚಲುಮನೆಯಲ್ಲಿ ಡ್ರೇಕೋ ಅನ್ನುವ ತನಗಾಗದ ಸಹಪಾಠಿಯ ಮೇಲೆ ಪ್ರಯೋಗಿಸುತ್ತಾನೆ. ಡ್ರೇಕೋ ಮುಖ, ಎದೆ ಎಲ್ಲ ಕತ್ತಿಯಲ್ಲಿ ಸೀಳಿದ ಹಾಗೆ ಸೀಳಿ ರಕ್ತ ಹರಿಯುತ್ತದೆ. ಹ್ಯಾರಿ ನೆಲದ ಮೇಲೆ ಹರಿದ ನೀರಿನಲ್ಲೇ ಮಂಡಿಯೂರಿ ನಡುಗುತ್ತಾನೆ. ಏಳನೇ ಪುಸ್ತಕದಲ್ಲಿ? ಒಬ್ಬ ದುಷ್ಟ ಮೇಷ್ಟ್ರು ಹಿರಿಯ ಟೀಚರ್ ಮುಖಕ್ಕೆ ಉಗಿಯುತ್ತಾನೆ, ಅವತ್ತು ಕ್ಲಾಸಿನಲ್ಲಿ ಜೇಡದ ಮೇಲೆ ಹಾಕಿ ತೋರಿಸಿದ್ದ ಅದೇ ಹಿಂಸೆಯ ಮಂತ್ರವನ್ನು ಹ್ಯಾರಿ ಅವನಿಗೆ ಹಾಕುತ್ತಾನೆ, ಬೇಕೂಂತಲೇ. ಈ ಸಲ ನಡುಕ ಇಲ್ಲ. ಆ ಟೀಚರೇ ಅವನನ್ನು ಮೆಚ್ಚಿಕೊಳ್ಳುತ್ತಾರೆ. ನನಗೆ ಈ ಜಾಗ ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಯಾಕಂದರೆ ಆ ಟೀಚರ್ ಒಳ್ಳೆಯವರು, ಅವರ ಮೇಲೆ ನನಗೆ ತುಂಬಾ ಗೌರವ.

ಇದನ್ನು ಓದಿ ನಿಮಗೆ ಯಾರು ನೆನಪಾದರು ಹೇಳಿ. ಬೆನ್ನು ತಟ್ಟಿದ ಪಿಟಿ ಮೇಷ್ಟ್ರು, ಅಲ್ವಾ? 50 ರೂಪಾಯಿ ಕೊಟ್ಟ ನಿಮ್ಮ ಮಾವ? ಮಾವನವರಿಗೆ ಮೊಮ್ಮಗ ಬಡಪಾಯಿ ಹುಡುಗನ ಪರ ನಿಂತ ಅಂತ ಹೆಮ್ಮೆ, ಅದು ತಪ್ಪಲ್ಲ. ಆದರೆ ಮಗನ ಕೈಗೆ ಆ ದುಡ್ಡು ಬಂದಿದ್ದು ಹೊಲಿಗೆ ಬಿದ್ದ ದಿನ. ಡಬ್ಬಿ ಕಿತ್ತುಕೊಳ್ಳುವ ವಿಷಯ ಅವನು ಮೊದಲೇ ಯಾವ ಮೇಷ್ಟ್ರಿಗಾದರೂ ಹೇಳಿದ್ದನಾ? ಹೇಳಿದ್ದರೆ ಅವರೇನು ಮಾಡಿದರು? ಇದನ್ನು ದಯವಿಟ್ಟು ಕೇಳಿ. ದೊಡ್ಡವರು ಸುಮ್ನೆ ಇದ್ದ ಕಡೆ ಮಕ್ಕಳೇ ಪೊಲೀಸು, ಮಕ್ಕಳೇ ಜಡ್ಜು ಆಗಿಬಿಡುತ್ತಾರೆ. ಹ್ಯಾರಿಗೂ ಆಗಿದ್ದು ಅದೇ.

ನಾನು ಬೆಳೆದದ್ದು ಮೈಸೂರಿನ ಒಂದು ಗರಡಿ ಮನೆ ಪಕ್ಕದ ಬೀದಿಯಲ್ಲಿ. ಅಣ್ಣ ಸಾಮು ಮಾಡಲು ಹೋಗುತ್ತಿದ್ದ. ಒಂದು ದಿನ ಜೊತೆಯವನು ಬಿಡು ಬಿಡು ಅಂದರೂ ಅಣ್ಣ ಅವನ ತೋಳು ತಿರುಚಿ ಹಿಡಿದುಕೊಂಡೇ ಇದ್ದನಂತೆ. ಗರಡಿಯ ಗುರು ವಸ್ತಾದರು ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ವಾರ ಅಣ್ಣನನ್ನು ಕುಸ್ತಿಯ ಮಣ್ಣಿಗೆ ಇಳಿಸಲಿಲ್ಲ, ಆ ಹುಡುಗನ ತೋಳಿಗೆ ದಿನಾ ಎಣ್ಣೆ ತಿಕ್ಕುವ ಕೆಲಸ ಕೊಟ್ಟರು. ದಸರಾದಲ್ಲಿ ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ ಬಗ್ಗೆ ಮಗನಿಗೆ ಹೇಳಿ, ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಆಯುಧ ತೊಟ್ಟು ನಿಜವಾಗಿಯೇ ಹೊಡೆದಾಡುತ್ತಾರೆ, ಒಬ್ಬನ ತಲೆಯಲ್ಲಿ ರಕ್ತ ಕಂಡ ಕೂಡಲೇ ಹಿಡಿದು ನಿಲ್ಲಿಸುತ್ತಾರೆ. ನಿಲ್ಲಿಸುವವರು ಪಕ್ಕದಲ್ಲೇ ನಿಂತಿರುತ್ತಾರೆ.

ಈಗ ಮಾಡಬೇಕಾದ್ದು. ಮಾವನವರ ಹತ್ತಿರ ನೀವಲ್ಲ, ನಿಮ್ಮ ಯಜಮಾನರು ಮಾತಾಡಲಿ, ಸೊಸೆ ಹೇಳಿದರೆ ಅದು ಬೇರೆಯೇ ಜಗಳ ಆಗುತ್ತದೆ. ಡಬ್ಬಿ ವಿಷಯಕ್ಕೆ ಶಾಲೆಗೆ ನೀವೇ ಹೋಗಿ ಬರವಣಿಗೆಯಲ್ಲಿ ದೂರು ಕೊಡಿ, ಮಗನಿಗೆ ಅದು ಗೊತ್ತಾಗಲಿ.

ಭಾನುವಾರ ಅವನನ್ನು ಕರೆದುಕೊಂಡು ಹೊಲಿಗೆ ಬಿದ್ದ ಹುಡುಗನ ಮನೆಗೆ ಹೋಗಿ. ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸಬೇಡಿ. ಆ ಕೈ ನೋಡಲಿ, ಸಾಕು.

ಅದಕ್ಕೂ ಮೊದಲು, ಇವತ್ತು ರಾತ್ರಿಯೇ, ಬೀರುವಿನಿಂದ ಆರು ಮತ್ತು ಏಳನೇ ಪುಸ್ತಕ ತೆಗೆದು ಅವನ ಪಕ್ಕ ಕೂತು ಆ ಎರಡು ಜಾಗ ಅವನಿಂದಲೇ ಜೋರಾಗಿ ಓದಿಸಿ. ಮೊದಲ ಸಲ ನಡುಗಿದವನು ಎರಡನೇ ಸಲ ಯಾಕೆ ನಡುಗಲಿಲ್ಲ ಅಂತ ಕೇಳಿ. ಉತ್ತರ ನೀವು ಹೇಳಿಕೊಡಬೇಡಿ. ಏಳನೇ ಪುಸ್ತಕದ ಶುರುವಿನಲ್ಲೇ, ಎದುರಾಳಿಯ ಕೈಯಿಂದ ಬರೀ ಮಂತ್ರದಂಡ ಹಾರಿಸುವ ಮಂತ್ರ ಸಾಲದು ಅಂತ ಹ್ಯಾರಿಯ ಹಳೇ ಮೇಷ್ಟ್ರು ಬೈಯುತ್ತಾರೆ, ಹ್ಯಾರಿ ಒಪ್ಪುವುದಿಲ್ಲ. ಕಡೇ ಕಾಳಗದಲ್ಲೂ ಅವನು ಹೇಳುವುದು 12 ವರ್ಷಕ್ಕೆ ಕಲಿತ ಅದೇ ಮಂತ್ರ. ಎರಡೆರಡು ಸಲ ಓದಿದವನು, ಇದು ಅವನಿಗೆ ಗೊತ್ತಿರುತ್ತದೆ. ಅವನೇ ಅಲ್ಲಿಗೆ ಬರುತ್ತಾನಾ ನೋಡಿ, ಬಂದರೆ ನನಗೊಂದು ಸಾಲು ಬರೆಯಿರಿ.