ಕ್ಯಾಮೆರಾ ಆಮೇಲೆ, ಮೊದಲು ಕಬ್ಬು ಯಾವಾಗ ಕಡಿಯುತ್ತಾರೆ ಕೇಳಿ

ಮಂಡ್ಯದ ಹಳ್ಳಿಯೊಂದರಲ್ಲಿ ಹತ್ತು ನಿಮಿಷದ ಟೈಮ್ ಲೂಪ್ (ಒಂದೇ ಹೊತ್ತು ಮತ್ತೆ ಮತ್ತೆ ಮರಳುವ) ಕಿರುಚಿತ್ರ ಮಾಡಬೇಕು, ಇರುವ ಸ್ವಲ್ಪ ದುಡ್ಡನ್ನು ಒಳ್ಳೆ ಕ್ಯಾಮೆರಾ ಬಾಡಿಗೆಗೆ ಹಾಕಲಾ, ವಿಎಫ್‌ಎಕ್ಸ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ಮಾಡುವ ದೃಶ್ಯ ಚಮತ್ಕಾರಕ್ಕೆ ಹಾಕಲಾ ಅಂತ ಕೇಳಿದ್ದೀರಿ. ಎರಡಕ್ಕೂ ಬೇಡ.

ನಾವೂ ಮೈಸೂರಿನ ಗೆಳೆಯರು ಸೇರಿ ಇದೇ ಚರ್ಚೆ ಮಾಡಿಕೊಂಡು ಪಾಂಡವಪುರದ ಕಡೆ ನನ್ನ ಸೋದರಮಾವನ ಊರಿಗೆ ಹೋಗಿದ್ದೆವು. ಕಥೆ ಸುಲಭ. ಹುಡುಗನೊಬ್ಬ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ನಾಲೆ ಏರಿ ಮೇಲೆ ಸೈಕಲ್ಲಿನಲ್ಲಿ ಹೊರಡುತ್ತಾನೆ. ಸೇತುವೆ ದಾಟಿದ ಕೂಡಲೇ ಮತ್ತೆ ಮನೆ ಬಾಗಿಲಲ್ಲೇ ನಿಂತಿರುತ್ತಾನೆ. ಅದೇ ಬೆಳಿಗ್ಗೆ, ಅದೇ ಕ್ಯಾನು. ಹೀಗೆ ಐದು ಸುತ್ತು.

ನಾವು ಕೆಟ್ಟಿದ್ದು ಇಲ್ಲಿ: ಕಥೆ ಇದ್ದ ಕ್ರಮದಲ್ಲೇ ಶೂಟ್ ಮಾಡಿದೆವು. ಒಂದು ವಾರ ಮೊದಲನೇ ಸುತ್ತು ಪೂರ್ತಿ, ಮುಂದಿನ ಸಲ ಬಂದಾಗ ಎರಡನೇದು. ಕಾರಣವೂ ಇತ್ತು, ಹುಡುಗನ ಮುಖದಲ್ಲಿ ಸುಸ್ತು ಸುತ್ತಿನಿಂದ ಸುತ್ತಿಗೆ ತಾನಾಗಿ ಬೆಳೆಯಲಿ ಅಂತ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ವಿಶ್ವೇಶ್ವರಯ್ಯ ನಾಲೆಗೆ ಸದಾ ನೀರು ಇರುವುದಿಲ್ಲ. ಕೆಆರ್‌ಎಸ್‌ನಿಂದ ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೆ, ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುತ್ತಾರೆ. ಮೊದಲ ಸುತ್ತಿನಲ್ಲಿ ನಾಲೆ ತುಂಬಿ ಹರಿಯುತ್ತಿದೆ, ಎರಡನೇದರಲ್ಲಿ ತಳದ ಕೆಸರು ಕಾಣುತ್ತಿದೆ. ಸರಿ, ನಾಲೆ ಕಾಣದ ಹಾಗೆ ಫ್ರೇಮ್ ಬದಲಿಸೋಣ ಅಂತ ಗದ್ದೆ ಕಡೆ ತಿರುಗಿದರೆ ಕಬ್ಬೇ ಇಲ್ಲ! ಆಳೆತ್ತರ ನಿಂತಿದ್ದ ಬೆಳೆ ಹೋಗಿ ಬರೀ ಕೂಳೆ. ಮಾವನನ್ನು ಕೇಳಿದರೆ, "ನಿಮ್ ಪಿಚ್ಚರ್‌ಗೋಸ್ಕರ ಕಬ್ಬು ಕಾಯ್ತದೇನ್ಲಾ? ಆಳು ಸಿಕ್ಕಿದ್ರು, ಕಡಿಸ್ಬುಟ್ಟೆ" ಅಂದರು. ಅವರದೇನೂ ತಪ್ಪಿಲ್ಲ, ನಾವು ಕೇಳಿಯೇ ಇರಲಿಲ್ಲ.

ಮತ್ತೆ ಮೊದಲಿಂದ ತೆಗೆಯೋಣ ಅನ್ನುವಷ್ಟರಲ್ಲಿ ನಟನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಇದ್ದದ್ದನ್ನೇ ಜೋಡಿಸಿ ಗೆಳೆಯರಿಗೆ ತೋರಿಸಿದರೆ, ಒಬ್ಬ ತುಂಬಾ ಗಂಭೀರವಾಗಿ "ಇದು ಎರಡು ವರ್ಷದಲ್ಲಿ ನಡೆಯೋ ಕಥೆನಾ?" ಅಂದ. ಬಾಡಿಗೆ ಕ್ಯಾಮೆರಾದ ದೆಸೆಯಿಂದ ಆ ಕೂಳೆ ಮಾತ್ರ ಬಹಳ ಸ್ಪಷ್ಟವಾಗಿ ಬಂದಿತ್ತು.

ಹಾಗಾಗಿ ಸುತ್ತಿನ ಪ್ರಕಾರ ಶೂಟ್ ಮಾಡಬೇಡಿ, ಜಾಗದ ಪ್ರಕಾರ ಮಾಡಿ. ಟ್ರೈಪಾಡ್ ಒಂದು ಕಡೆ ಇಟ್ಟರೆ ಆ ಜಾಗದಲ್ಲಿ ಬರುವ ಐದೂ ಸುತ್ತಿನ ಶಾಟ್‌ಗಳನ್ನು ಅಲ್ಲೇ ಮುಗಿಸಿ. ಅದೂ ಬೇಗ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಬೆಳಗಿನ ಉದ್ದ ನೆರಳು ನೋಡನೋಡುತ್ತಲೇ ಗಿಡ್ಡ ಆಗುತ್ತದೆ. ನಾಳೆ ಅದೇ ಹೊತ್ತಿಗೆ ಬಂದು ಇನ್ನೊಂದು ಜಾಗ ಹಿಡಿಯಿರಿ. ನಾಲೆ ಕಾಣುವ ಶಾಟ್‌ಗಳೆಲ್ಲ ನೀರು ಬಿಟ್ಟಿರುವ ಒಂದೇ ಕಟ್ಟಿನೊಳಗೆ ಆಗಬೇಕು. ನಾಲೆ ನೀರು ನೋಡಿಕೊಳ್ಳುವ ನೀರುಗಂಟಿಯನ್ನು ಮೊದಲೇ ವಿಚಾರಿಸಿ, ಗದ್ದೆ ಯಜಮಾನರನ್ನೂ ಕೂಡ. ನಟನ ಸುಸ್ತಿನ ಚಿಂತೆ ಬಿಡಿ, ಅವನು ನಟ ತಾನೇ, ನಟಿಸಲಿ.

ವಿಎಫ್‌ಎಕ್ಸ್ ಯಾಕೆ ಬೇಡ ಅಂದರೆ, ಕಾಲ ವಾಪಸ್ ಹೋಯಿತು ಅಂತ ನೋಡುವವರಿಗೆ ಗೊತ್ತಾಗುವುದು ಮಿಂಚಿನಿಂದಲ್ಲ, ಕಂಡದ್ದೇ ಮತ್ತೆ ಕಂಡಾಗ. ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 'ಲಾ ಜೆಟೆ' ನೋಡಿ. 28 ನಿಮಿಷದ ಚಿತ್ರ, ಕಾಲ ಸುತ್ತಿ ಹೊರಟಲ್ಲಿಗೇ ಬರುವ ಕಥೆ, ಹೆಚ್ಚುಕಮ್ಮಿ ಪೂರ್ತಿ ಸ್ಟಿಲ್ ಫೋಟೋಗಳು. ಹೆಂಗಸೊಬ್ಬಳು ಕಣ್ಣು ಬಿಡುವ ಒಂದು ಕ್ಷಣ ಮಾತ್ರ ಚಿತ್ರ ಅಲುಗಾಡುತ್ತದೆ. ಆ ಒಂದು ಕ್ಷಣಕ್ಕೆ ಮೈ ಜುಮ್ಮೆನ್ನುತ್ತದೆ, ನಮ್ಮ ವಿಎಫ್‌ಎಕ್ಸ್ ಹುಡುಗರು ಏನು ಮಾಡಿದರೂ ಅದು ಬರಲ್ಲ.

ಸ್ವಲ್ಪ ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಒಂದು ಒಳ್ಳೆ ಮೈಕಿಗೆ ಮಾಡಿ. ಆ ಬೆಳಗಿನ ಸದ್ದು, ಕೋಳಿ, ದೂರದ ಬಸ್ಸಿನ ಹಾರನ್, ಸೈಕಲ್ ಚೈನು, ಒಂದು ಸಲ ಚೆನ್ನಾಗಿ ಹಿಡಿದು ಐದೂ ಸುತ್ತಿಗೆ ಅದನ್ನೇ ಹಾಕಿ. ಹಾರನ್ ಎರಡನೇ ಸಲ ಅದೇ ಜಾಗದಲ್ಲಿ ಬಂದಾಗ ಯಾರಿಗೂ ವಿವರಣೆ ಬೇಕಾಗುವುದಿಲ್ಲ, ನಿಮ್ಮ ಸ್ಕ್ರಿಪ್ಟಿನಲ್ಲಿ ವಿಜ್ಞಾನಿ ಪಾತ್ರ ಏನಾದರೂ ಇದ್ದರೆ ಕಿತ್ತುಹಾಕಿ. ಕ್ಯಾಮೆರಾಗೆ ಫೋನೇ ಸಾಕು. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಮೋಡ ಬಂದಾಗೆಲ್ಲ ಅದು ತಾನೇ ಬಣ್ಣ ಬದಲಿಸಿಬಿಡುತ್ತದೆ.