ಸ್ಕೂಟರಿನ ಹಳೆಯ ಬ್ಯಾಟರಿಯನ್ನು ಏನು ಮಾಡಬೇಕು?

ಪ್ರಶ್ನೆ: ನಮ್ಮ ವಿದ್ಯುತ್ ಸ್ಕೂಟರ್ ಈಗ ಒಂದು ಚಾರ್ಜಿಗೆ ಮೊದಲಿನಷ್ಟು ದೂರ ಓಡುವುದಿಲ್ಲ. ಗುಜರಿಯವರು ಬ್ಯಾಟರಿಯನ್ನು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಕೊಡಬಹುದೇ, ಅಥವಾ ಮನೆಯ ಯುಪಿಎಸ್‌ಗೆ ಜೋಡಿಸಿಕೊಳ್ಳಬಹುದೇ?
– ಓದುಗರೊಬ್ಬರು, ಬೇಲೂರು

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಸಾಮರ್ಥ್ಯ ಶೇ 70–80ಕ್ಕೆ ಇಳಿದ ಬ್ಯಾಟರಿ ವಾಹನಕ್ಕೆ ಸಾಲದಾದರೂ, ಸೌರವಿದ್ಯುತ್ತನ್ನು ಕೂಡಿಡುವಂಥ ನಿಧಾನದ ಕೆಲಸಕ್ಕೆ ಇನ್ನೂ ಹಲವು ವರ್ಷ ಒದಗಬಲ್ಲದು. ಆದರೆ ಒಳಗಿನ ಸೆಲ್‌ಗಳೆಲ್ಲ ಒಂದೇ ಸಮನಾಗಿ ಸವೆದಿರುವುದಿಲ್ಲವಾದ್ದರಿಂದ, ಒಂದೊಂದನ್ನೂ ಪರೀಕ್ಷಿಸಿ, ಹೊಂದುವಂಥವನ್ನು ಗುಂಪು ಮಾಡಿ, ಚಾರ್ಜನ್ನು ಹತೋಟಿಯಲ್ಲಿಡುವ ತಕ್ಕ ನಿಯಂತ್ರಕದೊಡನೆ ಜೋಡಿಸುವುದು ತಜ್ಞರ ಕೆಲಸ. ಸೀಸದ ಬ್ಯಾಟರಿಗೆಂದು ಮಾಡಿದ ಯುಪಿಎಸ್‌ಗೆ ಸ್ಕೂಟರಿನ ಲಿಥಿಯಂ ಬ್ಯಾಟರಿಯನ್ನು ನೇರವಾಗಿ ತಗುಲಿಸಿದರೆ ಬೆಂಕಿಯ ಅಪಾಯವಿದೆ.

ಮರುಬಳಕೆಗೂ ಒದಗದ ಬ್ಯಾಟರಿಗಳನ್ನು ಕಾರ್ಖಾನೆಯಲ್ಲಿ ಪುಡಿಮಾಡಿ, ದೊರೆತ ಕಪ್ಪು ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಲಿಥಿಯಂ, ನಿಕಲ್, ಕೋಬಾಲ್ಟ್‌ಗಳನ್ನು ಬೇರ್ಪಡಿಸುತ್ತಾರೆ. ನಮ್ಮ ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಗೊಬ್ಬರವಾಗಿ ಗಿಡದ ಬುಡಕ್ಕೇ ಮರಳುವಂತೆ, ಈ ಲೋಹಗಳು ಹೊಸ ಬ್ಯಾಟರಿಗೆ ಮರಳಬಲ್ಲವು. (ಲಿಥಿಯಂ ಕಬ್ಬಿಣದ ಫಾಸ್ಫೇಟ್ ಎಂಬ ಬಗೆಯ ಬ್ಯಾಟರಿಯಲ್ಲಿ ನಿಕಲ್, ಕೋಬಾಲ್ಟ್ ಎರಡೂ ಇರುವುದಿಲ್ಲ, ಸಿಗುವ ಹಣ ಕಡಿಮೆಯಾದ್ದರಿಂದ ಅದೇ ಹೆಚ್ಚಾಗಿ ತಿಪ್ಪೆ ಸೇರೀತೆಂಬುದು ನನ್ನ ಕಳವಳ.)

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಸಂಸ್ಕರಣೆಗೆ ಕಳುಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನೆಲದಲ್ಲಿ ಹೂಳುವುದಕ್ಕಾಗಲಿ ಸುಡುವುದಕ್ಕಾಗಲಿ ಅವಕಾಶವಿಲ್ಲ. ಆದ್ದರಿಂದ ಸ್ಕೂಟರ್ ಕೊಂಡ ಮಳಿಗೆಯನ್ನು ಮೊದಲು ವಿಚಾರಿಸಿ, ಒಪ್ಪಿಸಿದ್ದಕ್ಕೆ ರಸೀದಿ ಪಡೆಯಿರಿ. ಅಲ್ಲಿಯವರೆಗೆ ಅದನ್ನು ಬಿಚ್ಚದೆ, ಮಳೆಯ ಎರಚಲು ತಾಗದ ಕಡೆ, ಸೌದೆಯಿಂದ ದೂರವಿಡಿ. ಉಬ್ಬಿದ್ದರೆ ಚಾರ್ಜ್ ಮಾಡಲೇಬೇಡಿ, ಮನೆಯೊಳಗೂ ಇಡಬೇಡಿ.