ಪಿಶಾಚಿ ಪುಸ್ತಕಗಳ ಹಿಂದೆ ಹೋದ ಬಿಹಾರದ ಮೇಷ್ಟ್ರು

ಪ್ರಶ್ನೆ: ರಕ್ತಪಿಶಾಚಿ ಕಥೆಗಳನ್ನು ಕೂಡಿಡುತ್ತೇನೆ. ಮನೆಯಲ್ಲಿ ಹುಚ್ಚು ಅಂತಾರೆ. ಇದನ್ನೇ ಓದಿ ಬದುಕಿದ ವಿದ್ವಾಂಸರು ಇದ್ದಾರಾ ಸರ್?
– ಓದುಗ, ಬಸವನಗುಡಿ

ಉತ್ತರ: ಇದ್ದರು, ಅದೂ ನಮ್ಮ ದೇಶದವರೇ! ದೇವೇಂದ್ರ ಪಿ. ವರ್ಮಾ ಬಿಹಾರದ ದರ್ಭಂಗಾದವರು. ಹಳೆಯ ಇಂಗ್ಲಿಷ್ ಭಯಾನಕ ಕಾದಂಬರಿಗಳ ಬಗ್ಗೆ 1957ರಲ್ಲಿ 'ದಿ ಗಾಥಿಕ್ ಫ್ಲೇಮ್' ಬರೆದರು. ಮುಂದೆ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು.

ನನಗೆ ತುಂಬಾ ಇಷ್ಟವಾದ ಸಂಗತಿ ಹೇಳ್ತೀನಿ. ಇಂಗ್ಲಿಷ್ ಲೇಖಕಿ ಜೇನ್ ಆಸ್ಟೆನ್ ಅವರ 'ನಾರ್ಥ್ಯಾಂಗರ್ ಅಬಿ' ಕಾದಂಬರಿಯಲ್ಲಿ ಒಬ್ಬ ಹುಡುಗಿ ಗೆಳತಿಗೆ ಏಳು ಭಯಾನಕ ಕಾದಂಬರಿಗಳ ಹೆಸರು ಹೇಳ್ತಾಳೆ, ಅವೆಲ್ಲ ಲೇಖಕಿ ಸುಮ್ನೆ ಕಟ್ಟಿದ ಹೆಸರುಗಳು ಅಂತ ಎಷ್ಟೋ ಜನ ನಂಬಿದ್ದರು, ಆದರೆ ಏಳೂ ನಿಜವಾದ ಪುಸ್ತಕಗಳೇ. 1968ರಲ್ಲಿ ವರ್ಮಾ ಅವರ ಮುನ್ನುಡಿಗಳೊಂದಿಗೆ ಏಳೂ ಮತ್ತೆ ಅಚ್ಚಾದವು. 1845–47ರಲ್ಲಿ ಕಂತಿಗೆ ಒಂದು ಪೆನ್ನಿ (ಇಂಗ್ಲೆಂಡಿನ ಚಿಲ್ಲರೆ ಕಾಸು) ಬೆಲೆಗೆ ಮಾರಿದ ರಕ್ತಪಿಶಾಚಿ ಕಥೆ 'ವಾರ್ನಿ ದಿ ವ್ಯಾಂಪೈರ್' ಕೂಡ 1970ರಲ್ಲಿ ಅವರ ಸಂಪಾದನೆಯಲ್ಲೇ ಮೂರು ಸಂಪುಟವಾಗಿ ಬಂತು. ಹೆಸರಾಂತ ರಕ್ತಪಿಶಾಚಿ ಕಾದಂಬರಿ 'ಡ್ರಾಕುಲಾ' ಬಂದಿದ್ದು 1897ರಲ್ಲಿ, ಅಂದರೆ ವಾರ್ನಿಯೇ ಹಿರಿಯ!

ಹೀಗೆ ಯಾರೋ ಹುಡುಕಿ ಉಳಿಸದಿದ್ದರೆ ಅಗ್ಗದ ಕಾಗದದ ಪುಸ್ತಕ ರದ್ದಿಗೇ ಹೋಗೋದು, ಅಲ್ವಾ? ನೀವು ಚರ್ಚ್ ಸ್ಟ್ರೀಟ್, ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಕನ್ನಡದ ಹಳೆಯ ಪತ್ತೇದಾರಿ, ದೆವ್ವದ ಕಥೆಗಳನ್ನೂ ಹುಡುಕಿ. ರಕ್ಷಾಪುಟ ಹರಿದಿದ್ರೂ ಬಿಡಬೇಡಿ. ಪ್ರಕಾಶಕರು, ಅಚ್ಚಾದ ವರ್ಷ, ಬೆಲೆ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮನೆಯವರಿಗೆ ವರ್ಮಾ ಅವರ ಕಥೆ ಹೇಳಿ.